ಏಳನೆಯ ಸ್ಥಾನದ ಹೆಂಡತಿ

“ಏಳು,” ಎಂದರು ಮೇಡಂ.

ಪಶುವೈದ್ಯರು ಬಚ್ಚಲಿನ ಕನ್ನಡಿಯ ಮುಂದೆ ಬಾಯಿತುಂಬ ನೊರೆ ಮಾಡಿಕೊಂಡು ನಿಂತಿದ್ದರು. ಹೆಂಡತಿ ತಮ್ಮನ್ನು ಏಕವಚನದಲ್ಲಿ ಎಬ್ಬಿಸಿದ್ದು ಮದುವೆಯಾದ ಮೇಲೆ ಇದೇ ಮೊದಲು ಎಂದು ಅವರ ಎದೆ ಧಸಕ್ಕೆಂದಿತು. (ಎದ್ದು ನಿಂತವನನ್ನೇ ಏಳು ಎನ್ನುವುದು ಅದಕ್ಕಿಂತ ದೊಡ್ಡ ಅಪಾಯದ ಸೂಚನೆ.)

“ಎದ್ದಿದ್ದೀನಲ್ಲ!” ಎಂದರು ನೊರೆಯ ನಡುವಿನಿಂದ.

“ಎದ್ದೇಳೋ ಏಳಲ್ಲ ರೀ. ಆರಾದ ಮೇಲೆ ಬರುತ್ತಲ್ಲ, ಆ ಏಳು. ನಾನು ಏಳನೆಯವಳು.”

ಮೇಡಂ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಅವರ ಬಾಯಲ್ಲಿ ಅಂಕಿ ಬಂದರೆ ಅದು ಸುಮ್ಮನೆ ಬಂದದ್ದಲ್ಲ ಎಂದು ಡಾಕ್ಟರಿಗೆ ಗೊತ್ತು. ಬಾಯಿ ಮುಕ್ಕಳಿಸುವ ನೆಪದಲ್ಲಿ ತುಸು ಕಾಲ ಗಳಿಸಿಕೊಂಡರು. ಆದರೆ ಎಷ್ಟು ಮುಕ್ಕಳಿಸಿದರೂ ಬಾಗಿಲಲ್ಲಿ ನಿಂತವರು ಕರಗಲಿಲ್ಲ. ಕೈಯಲ್ಲಿ ಫೋನು. ಫೋನಿನಲ್ಲಿ ಹರಟೆಮನೆ.

ಹರಟೆಮನೆ ಎಂದರೆ ಮನೆಯಲ್ಲ; ಊರಿನ ಅರ್ಧ ಜನ ಮುಖ ತೊಳೆಯುವ ಮೊದಲೇ ಮುಖ ತೋರಿಸುವ ಜಾಲತಾಣ. ಅದನ್ನು ನಡೆಸುವವರಿಗೆ ಒಂದು ಕಾಯಿಲೆ, ಇದ್ದದ್ದನ್ನು ಇದ್ದ ಹಾಗೆ ಬಿಡುವುದಿಲ್ಲ. ಹಿಂದೊಮ್ಮೆ ಅಕ್ಷರವನ್ನು ಸಾಸಿವೆಯಷ್ಟು ಮಾಡಿದರು. ಆಮೇಲೆ ಎಡಗಡೆ ನೇತಾಡುತ್ತಿದ್ದ ಗಂಟೆಯನ್ನು ಬಲಗಡೆಗೆ ತಂದರು. ಜನ ಬೈದರು, ಬೈಯುತ್ತಲೇ ಒಗ್ಗಿಕೊಂಡರು. ಈಗ ಶುಕ್ರವಾರ ರಾತ್ರಿ ಯಾರನ್ನೂ ಕೇಳದೆ ಹೊಸದೊಂದು ಸೌಲಭ್ಯವನ್ನು ಜನರ ತಲೆಗೆ ಕಟ್ಟಿದ್ದರು. ಹೆಸರು ‘ನಿಮ್ಮ ಆಪ್ತರು’. ಹರಟೆಮನೆಯಲ್ಲಿ ನೀವು ಯಾರಿಗೆ ಎಷ್ಟು ಬರೆದಿರಿ, ಯಾರ ಫೋಟೋಗೆ ಎಷ್ಟು ಸಲ ಮೆಚ್ಚುಗೆ ಒತ್ತಿದಿರಿ ಎಂದು ಲೆಕ್ಕ ಹಾಕಿ, ನಿಮ್ಮ ನಂಟು ನೇಹಗಳನ್ನೆಲ್ಲ ನಂಬರು ಹಾಕಿ ಸಾಲಾಗಿ ನಿಲ್ಲಿಸಿ, ನಿಮ್ಮ ಪುಟದ ನೆತ್ತಿಯ ಮೇಲೆ ತೂಗುಹಾಕುವುದು. ನೀವು ನೋಡಿಕೊಳ್ಳಲಿ ಎಂದಲ್ಲ, ಊರು ನೋಡಲಿ ಎಂದು.

ಡಾಕ್ಟರ ಪುಟವನ್ನು ಊರಿಗಿಂತ ಮೊದಲು ನೋಡಿದವರು ಮೇಡಮ್ಮಿನ ಅಕ್ಕ. ನೋಡಿದವರೇ ತಂಗಿಗೆ ಫೋನು ಮಾಡಿ, “ಬೇಜಾರು ಮಾಡ್ಕೋಬೇಡ ಕಣೇ,” ಎಂದು ಶುರುಮಾಡಿದ್ದರು. ಬೇಜಾರು ಮಾಡಿಸಬೇಕಾದಾಗಲೆಲ್ಲ ಅವರು ಹಾಗೆಯೇ ಶುರುಮಾಡುವುದು.

ಡಾಕ್ಟರು ಒದ್ದೆ ಕೈಯಲ್ಲೇ ಫೋನು ಹಿಡಿದು ನೋಡಿದರು. ಒಂದನೆಯ ಸ್ಥಾನದಲ್ಲಿ ಒಬ್ಬ ಸುಂದರ ತರುಣಿ. ಹರವಿದ ಕೂದಲು, ಹೆಗಲ ಮೇಲೊಂದು ಗಿಣಿ. ಎರಡರಲ್ಲಿ ನಲ್ಲಿ ರಿಪೇರಿಯವನು. ಮೂರರಲ್ಲಿ ಔಷಧಿ ಕಂಪನಿಯ ಮಾರಾಟದವನು. ನಾಲ್ಕರಲ್ಲಿ ಸ್ವಂತ ಷಡ್ಡಕ, ಅಂದರೆ ಆ ಅಕ್ಕನ ಗಂಡ. ಐದರಲ್ಲಿ ಲಿಫ್ಟಿನ ಮೆಕ್ಯಾನಿಕ್ಕು. ಆರರಲ್ಲಿ ಒಂದು ಬೆಕ್ಕು. ಏಳರಲ್ಲಿ ಧರ್ಮಪತ್ನಿ.

“ನಲ್ಲಿಯವನ ಕೆಳಗಿದ್ದೀನಿ, ಸರಿ. ನಲ್ಲಿ ಸೋರ್ತಿತ್ತು. ಬೆಕ್ಕಿನ ಕೆಳಗೆ ಯಾಕಿದ್ದೀನಿ, ಅದನ್ನ ಹೇಳಿ.”

“ಅದು ಬೆಕ್ಕಲ್ಲ ಕಣೇ. ಬೆಕ್ಕಿನ ಯಜಮಾನರು. ಬೆಕ್ಕಿನ ಹೆಸರಲ್ಲಿ ಪುಟ ಇಟ್ಕೊಂಡಿದ್ದಾರೆ.”

“ನೀವೂ ಬೆಕ್ಕಿಗೇ ಉತ್ತರ ಕೊಟ್ಟಿದ್ದೀರಿ. ‘ಮಹಾರಾಜರೇ, ಇವತ್ತು ಹೊಟ್ಟೆ ಹಗುರಾಯಿತೇ?’ ಅಂತ. ಹೋದ ವಾರ ನನಗೆ ತಲೆನೋವು ಬಂದಾಗ ಏನು ಕೇಳಿದ್ರಿ, ನೆನಪಿದೆಯಾ?”

ಡಾಕ್ಟರಿಗೆ ತಲೆನೋವು ಬಂದದ್ದೇ ನೆನಪಿರಲಿಲ್ಲ. ಆದರೆ ಹಾಗೆಂದು ಹೇಳುವಷ್ಟು ಪೆದ್ದರೂ ಅಲ್ಲ.

“ಮತ್ತೆ ಈ ಒಂದನೆಯ ಗಿಣಿ ಯಾರು?”

“ಗಿಣಿಗೆ ಪುಕ್ಕ ಕಿತ್ಕೊಳ್ಳೋ ಕಾಯಿಲೆ. ಪಾಪ, ದಿನಾ ಬರೀತಾರೆ.”

“ನಾನು ಕೇಳಿದ್ದು ಕೂತಿರೋ ಗಿಣಿ ಅಲ್ಲ. ಹೊತ್ತಿರೋ ಗಿಣಿ.”

ಅವರನ್ನು ಡಾಕ್ಟರು ಒಂದೇ ಒಂದು ಸಲವೂ ನೋಡಿರಲಿಲ್ಲ. ಬೇರೆ ಊರಿನವರು, ಎಲ್ಲವೂ ಬರವಣಿಗೆಯಲ್ಲೇ. ಇದನ್ನೇ ಹೇಳಿದರು. ಸತ್ಯವನ್ನೇ ಹೇಳಿದರು. ಆದರೆ ಸತ್ಯಕ್ಕೂ ಒಂದು ಹೊತ್ತುಗೊತ್ತು ಇರುತ್ತದಲ್ಲ. ‘ಅವರನ್ನ ನಾನು ನೋಡೇ ಇಲ್ಲ’ ಎಂಬ ಮಾತು ಟವಲು ಸುತ್ತಿಕೊಂಡು ನಿಂತ ಗಂಡಸಿನ ಬಾಯಲ್ಲಿ ಹಸಿ ಸುಳ್ಳಿನಂತೆ ಕೇಳಿಸಿತು.

ಮೇಡಂ ಅಳಲಿಲ್ಲ, ಕೂಗಲಿಲ್ಲ. ಕೂಗಿದ್ದರೆ ಡಾಕ್ಟರಿಗೆ ಧೈರ್ಯ ಬರುತ್ತಿತ್ತು. ಬೊಗಳುವ ಪ್ರಾಣಿಯನ್ನು ಹಿಡಿಯುವುದು ಅವರಿಗೆ ಕಷ್ಟವಲ್ಲ. ಸದ್ದಿಲ್ಲದೆ ಕಿವಿ ಹಿಂದಕ್ಕೆ ಮಾಡಿ ನಿಂತದ್ದೇ ಕಚ್ಚುವುದು.

“ನಾಳೆ ಮಧ್ಯಾಹ್ನ ಅಮ್ಮ, ಅಕ್ಕ, ಭಾವ ಊಟಕ್ಕೆ ಬರ್ತಾರೆ,” ಎಂದರು ಮೇಡಂ, ಸೀರೆಯ ಸೆರಗಿಗೆ ಪಿನ್ನು ಚುಚ್ಚುತ್ತ. “ನಿಮ್ಮನ್ನ ಒಪ್ಪಿದಾಗ ಅಕ್ಕ ಏನಂದಿದ್ಲು ಗೊತ್ತಲ್ಲ? ‘ಮನುಷ್ಯರ ಡಾಕ್ಟರು ಸಿಗಲಿಲ್ವಾ ನಿನಗೆ?’ ಅಂದಿದ್ಲು. ಮಾತು ಬಾರದ ಪ್ರಾಣಿ ನೋವು ಅರ್ಥ ಆಗೋರಿಗೆ ನನ್ನ ನೋವು ಅರ್ಥ ಆಗದೇ ಇರುತ್ತಾ ಅಂತ ಬಾಯಿ ಮುಚ್ಚಿಸಿದ್ದೆ. ಇಷ್ಟು ವರ್ಷ ಆ ಮಾತು ಉಳಿಸ್ಕೊಂಡು ಬಂದಿದ್ದೀನಿ. ಭಾವನ ಪಟ್ಟೀಲಿ ಅಕ್ಕ ಒಂದನೆಯವಳು. ನಿಮ್ಮ ಪಟ್ಟೀಲಿ ನಾನು ಬೆಕ್ಕಿನ ಬಾಲ ಹಿಡ್ಕೊಂಡಿದ್ದೀನಿ. ನಾಳೆ ಅವರು ಬರೋ ಹೊತ್ತಿಗೆ ನಾನು ಎಲ್ಲಿರಬೇಕೋ ಅಲ್ಲಿರಬೇಕು. ಇಲ್ಲದಿದ್ರೆ ಊಟ ಮುಗಿಸಿ ಅಕ್ಕನ ಕಾರಲ್ಲೇ ಹೊರಟುಬಿಡ್ತೀನಿ. ನೀವು ಮಹಾರಾಜರ ಜೊತೆ ಸಂಸಾರ ಮಾಡ್ಕೊಳ್ಳಿ.”

ಬಾಗಿಲು ಮುಚ್ಚಿಕೊಂಡಿತು. ಅಂದು ಶಾಲೆಯಲ್ಲಿ ಪೋಷಕರ ಸಭೆ, ಮೇಡಂ ಬೇಗ ಹೋಗಬೇಕಿತ್ತು. ತಿಂಡಿ ಮೇಜಿನ ಮೇಲಿತ್ತು, ಮುಚ್ಚಿಟ್ಟಿತ್ತು, ಬಿಸಿಯೂ ಇತ್ತು.

ಕ್ಲಿನಿಕ್ಕಿನಲ್ಲಿ ಒಂದು ದೊಡ್ಡ ನಾಯಿಯನ್ನು ಮೇಜಿನ ಮೇಲೆ ಮಲಗಿಸಿ, ಜ್ವರದ ಕಡ್ಡಿಯನ್ನು ಎಲ್ಲಿಡಬೇಕೋ ಅಲ್ಲಿಟ್ಟು, ಡಾಕ್ಟರು ಫೋನು ತೆರೆದರು. ಈ ದರಿದ್ರ ಸೌಲಭ್ಯವನ್ನು ಕಿತ್ತುಹಾಕುವ ಗುಂಡಿ ಎಲ್ಲಿದೆ ಎಂದು ಹುಡುಕಿದರು. ಎಲ್ಲೂ ಇರಲಿಲ್ಲ. ಕೊನೆಗೆ ಸಿಕ್ಕಿದ್ದು ‘ಬಳಕೆದಾರರ ಅಭಿಪ್ರಾಯ’ ಎಂಬ ಮೂಲೆ. ಒಳಗೆ ಕಾಲಿಟ್ಟರೆ ಜಾತ್ರೆಯಂಥ ಗದ್ದಲ.

ಒಬ್ಬ ಸೊಸೆ ಬರೆದಿದ್ದಳು: ‘ದಿನವಿಡೀ ಬುದ್ಧಿಮಾತು ಕಳಿಸಿ ಕಳಿಸಿ ನನ್ನ ಅತ್ತೆ ನನಗೆ ಒಂದನೆಯ ಆಪ್ತರಾಗಿದ್ದಾರೆ. ಹೆತ್ತಮ್ಮ ನನ್ನೊಡನೆ ಮಾತು ಬಿಟ್ಟಿದ್ದಾಳೆ.’ ಒಬ್ಬ ಉಪನ್ಯಾಸಕರು: ‘ನನ್ನ ಪುಟದ ಮೇಲೆ ‘ಇನ್ನೂ ಯಾರೂ ಇಲ್ಲ’ ಎಂದು ಕೆಂಪಕ್ಷರದಲ್ಲಿ ಬರೆದಿದ್ದೀರಿ. ಇದು ನನಗೆ ಗೊತ್ತಿತ್ತು, ವಿದ್ಯಾರ್ಥಿಗಳಿಗೆ ಗೊತ್ತಿರಲಿಲ್ಲ.’ ಹೊಗಳಿದವರೂ ಇದ್ದರು. ಒಬ್ಬ ಮಹಿಳೆ: ‘ಬಹಳ ಉಪಯುಕ್ತ ಸೌಲಭ್ಯ. ನನ್ನ ಗಂಡನ ಒಂದನೆಯ ಸ್ಥಾನ ಯಾರೆಂದು ತಿಳಿಯಿತು. ವಿಳಾಸವೂ ಸಿಕ್ಕಿತು. ಈಗ ಹೊರಟಿದ್ದೇನೆ.’ ಇವೆಲ್ಲದರ ನಡುವೆ ಒಬ್ಬ ಮಹಾನುಭಾವ ಪ್ರತಿಯೊಬ್ಬರ ಅಭಿಪ್ರಾಯದ ಕೆಳಗೂ ‘ಮೊದಲು ಗಂಟೆಯನ್ನು ಎಡಗಡೆಗೆ ತನ್ನಿ’ ಎಂದು ಬರೆಯುತ್ತ ಹೋಗಿದ್ದ.

ಡಾಕ್ಟರ ರಕ್ತ ಕುದಿಯಿತು. ಅವರು ಬರೆಯಲು ಕುಳಿತರು. ‘ಮಾನ್ಯರೇ, ನಾನೊಬ್ಬ ಪಶುವೈದ್ಯ. ಬೋನಿನಲ್ಲಿರುವ ಪ್ರಾಣಿಯ ಕಣ್ಣಲ್ಲಿ ಏನಿರುತ್ತದೆ ಎಂದು ಬಲ್ಲೆ’ ಎಂದು ಆರಂಭಿಸಿದ್ದು ಅವರಿಗೇ ಎಷ್ಟು ಹಿಡಿಸಿತೆಂದರೆ ಆಮೇಲೆ ಕೈ ನಿಲ್ಲಲಿಲ್ಲ. ಮನೆಯಲ್ಲಿ ಆಡಲಾಗದೆ ನುಂಗಿದ್ದೆಲ್ಲ ಕಟ್ಟೆಯೊಡೆದ ಕೆರೆಯ ಹಾಗೆ ನುಗ್ಗಿ ಬಂತು. ಸಂಸಾರಿಯ ಕಷ್ಟ, ಗಂಡಸಿನ ಏಕಾಂತ, ನೆಂಟರಿಷ್ಟರ ಕಾಟ, ಯಾವುದೂ ಬಿಟ್ಟುಹೋಗಲಿಲ್ಲ. ನಾಯಿಯ ಯಜಮಾನರು, “ಡಾಕ್ಟ್ರೇ, ಕಡ್ಡಿ ಇನ್ನೂ ಅಲ್ಲೇ ಇದೆ,” ಎಂದು ನೆನಪಿಸುವವರೆಗೂ ಬರೆದರು. ತಿರುಗಿ ಓದಲು ಪುರುಸೊತ್ತಿರಲಿಲ್ಲ. ಒತ್ತಿದರು. ಹೋಯಿತು.

ಆಮೇಲಿನದು ಡಾಕ್ಟರ ಜೀವನದಲ್ಲಿ ಹಿಂದೆಂದೂ ಆಗಿರಲಿಲ್ಲ. ಬಲಗಡೆಯ ಗಂಟೆ ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಅವರ ಅಭಿಪ್ರಾಯಕ್ಕೆ ನೂರು, ಇನ್ನೂರು, ಸಾವಿರ ಮೆಚ್ಚುಗೆ. ‘ನಮ್ಮ ಮನದ ಮಾತು!’ ಎಂದ ಒಬ್ಬ ಮೀಸೆಯವನು. ‘ಪಶುವೈದ್ಯರಲ್ಲ ನೀವು, ಪತಿವೈದ್ಯರು!’ ಎಂದ ಇನ್ನೊಬ್ಬ. ಮನೆಯಲ್ಲಿ ‘ಹೂಂ’ ಎಂಬ ಉತ್ತರಕ್ಕೂ ಕಾಯಬೇಕಾದ ಮನುಷ್ಯನಿಗೆ ಊರೆಲ್ಲ ಬೆನ್ನು ತಟ್ಟಿದರೆ ಹೇಗಾಗಬೇಡ? ಡಾಕ್ಟರು ಸಂಸ್ಕಾರವಂತರು. ಬಂದವರಿಗೆಲ್ಲ ಒಬ್ಬೊಬ್ಬರಿಗೂ ಧನ್ಯವಾದ ಬರೆದರು. ಮೀಸೆಯವನೊಂದಿಗೆ ಸ್ವಲ್ಪ ಹೆಚ್ಚೇ ಬರೆದರು. ಗಂಟೆಯ ಮಹಾನುಭಾವನೊಡನೆ ವಾದಕ್ಕೂ ಇಳಿದರು.

ಅಷ್ಟರಲ್ಲಿ ಮೇಡಮ್ಮಿನಿಂದ ಒಂದು ಸಂದೇಶ ಬಂತು. ಅದರಲ್ಲಿ ಅಕ್ಷರಗಳಿರಲಿಲ್ಲ.

‘19.’

ಡಾಕ್ಟರು ತಮ್ಮ ಪುಟ ತೆರೆದು ನೋಡಿದರು. ಧನ್ಯವಾದ ಹೇಳಿಸಿಕೊಂಡವರೆಲ್ಲ ಆಪ್ತರಾಗಿ ಮೇಲೇರಿ ಕುಳಿತಿದ್ದರು. ಮೀಸೆಯವನು ಮೂರನೆಯ ಸ್ಥಾನಕ್ಕೆ ಜಿಗಿದಿದ್ದ. ಗಂಟೆಯವನು ಐದಕ್ಕೆ. ಬೆಕ್ಕು ಕೂಡ ಹದಿನೆಂಟಕ್ಕೆ ಇಳಿದಿತ್ತು, ಆದರೂ ಮೇಡಮ್ಮಿಗಿಂತ ಮೇಲೆಯೇ. ಇಲಿಗೆ ಹೆದರಿ ಮನೆಗೇ ಬೆಂಕಿಯಿಟ್ಟವರ ಕಥೆ ಕೇಳಿದ್ದರು. ಈಗ ಕಡ್ಡಿಪೆಟ್ಟಿಗೆ ತಮ್ಮ ಕೈಯಲ್ಲೇ ಇತ್ತು.

ಇನ್ನು ಮಾನ ನೋಡಿ ಪ್ರಯೋಜನವಿಲ್ಲವೆಂದು ಡಾಕ್ಟರು ಷಡ್ಡಕರ ಹಾಸಿಗೆ ಅಂಗಡಿಗೆ ಹೋದರು. ಷಡ್ಡಕರು ಇಡೀ ಬಳಗಕ್ಕೆ ಮಾದರಿ ಗಂಡ. ‘ಭಾವನ್ನ ನೋಡಿ ಕಲೀರಿ’ ಎಂಬ ಮಾತು ಕೇಳಿ ಕೇಳಿ ಡಾಕ್ಟರಿಗೆ ಅವರ ಮುಖ ಕಂಡರೇ ಆಗುತ್ತಿರಲಿಲ್ಲ. ಹೊಸ ಹಾಸಿಗೆಯೊಂದರ ಮೇಲೆ, ಪ್ಲಾಸ್ಟಿಕ್ಕು ತೆಗೆಯದೆ, ಇಬ್ಬರೂ ಪಕ್ಕಪಕ್ಕ ಕುಳಿತರು.

“ಭಾವ, ನಿಮ್ಮ ಪಟ್ಟೀಲಿ ಅಕ್ಕ ಒಂದನೆಯವರು. ಹೇಗೆ ಅಂತ ಹೇಳಿಕೊಡಿ. ನನ್ನ ಸಂಸಾರ ಉಳಿಸಿ.”

ಷಡ್ಡಕರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಯಾರಿಗೂ ಹೇಳ್ಬೇಡಿ. ನಾವಿಬ್ರೂ ಬಾಯಿ ಬಿಟ್ಟು ಮಾತಾಡಿ ಯಾವ ಕಾಲ ಆಯ್ತೋ! ಎಲ್ಲ ಹರಟೆಮನೇಲೇ. ‘ಊಟಕ್ಕೆ ಬನ್ನಿ’ ಅಂತ ಅವಳು ಅಡುಗೆಮನೆಯಿಂದ ಬರೀತಾಳೆ. ‘ಬಂದೆ’ ಅಂತ ನಾನು ಪಕ್ಕದ ಕೋಣೆಯಿಂದ ಬರೀತೀನಿ. ಜಗಳವೂ ಅಲ್ಲೇ. ನಿನ್ನೆ ರಾತ್ರಿ ಪರದೆ ಬಣ್ಣದ ಮೇಲೆ ಒಂದು ಜಗಳ ಆಯ್ತು ನೋಡಿ, ಅದರಲ್ಲೇ ಅವಳು ಎರಡರಿಂದ ಒಂದಕ್ಕೆ ಬಂದಿದ್ದು.”

“ಅಂದ್ರೆ…”

“ಮನೇಲಿ ಮಾತಾಡೋರು ಅಲ್ಲಿ ಯಾಕೆ ಬರೀತಾರೆ ಹೇಳಿ? ನಿಮ್ಮನೇಲಿ ಇನ್ನೂ ಮಾತಿದೆ, ಅದಕ್ಕೇ ಏಳು. ಪುಣ್ಯವಂತರು ನೀವು.” ಷಡ್ಡಕರು ಹಾಸಿಗೆಯನ್ನು ಒಮ್ಮೆ ಒತ್ತಿ ಬಿಟ್ಟರು, ಅದು ಮೆಲ್ಲಗೆ ಮೇಲಕ್ಕೆ ಬಂತು. “ಆದ್ರೆ ಪುಣ್ಯ ಅಂತ ಹೇಳಿದ್ರೆ ನಾಳೆ ಯಾರೂ ಒಪ್ಪಲ್ಲ. ಸುಮ್ಮನೆ ಅವಳ ಫೋಟೋಗೆಲ್ಲ ಮೆಚ್ಚುಗೆ ಒತ್ತಿ. ಒಂದೂ ಬಿಡಬೇಡಿ. ಹೊಗಳಿ. ಸಂದೇಶ ಕಳಿಸ್ತಾನೇ ಇರಿ. ಕೈ ನಿಲ್ಲಿಸಬಾರದು.”

ಡಾಕ್ಟರು ಕೈ ನಿಲ್ಲಿಸಲಿಲ್ಲ. ಕ್ಲಿನಿಕ್ಕಿಗೆ ಮರಳಿದವರೇ ಮೇಡಮ್ಮಿನ ಪುಟಕ್ಕೆ ಹೋಗಿ ಇತ್ತೀಚಿನ ಫೋಟೋದಿಂದ ಹಿಂದಕ್ಕೆ ಹೊರಟರು. ‘ಅದ್ಭುತ!’ ‘ಎಂಥ ನಗು!’ ‘ಸೂಪರ್!’ ಎರಡು ಮೊಲ, ಒಂದು ಆಮೆಯ ನಡುವೆ ವರ್ಷಗಟ್ಟಲೆ ಹಿಂದಕ್ಕೆ ಸರಿದರು. ಕಣ್ಣು ಮಂಜಾಗಿ, ಬೆರಳು ತಾನಾಗಿಯೇ ಓಡುತ್ತಿತ್ತು. ಮೇಡಮ್ಮಿನ ಅಜ್ಜಿ ತೀರಿಕೊಂಡಾಗ ಹಾಕಿದ್ದ ಫೋಟೋದ ಕೆಳಗೆ ‘ಇದೇ ರೀತಿ ಇನ್ನೂ ಹೆಚ್ಚು ಹೆಚ್ಚು ಬರಲಿ!’ ಎಂದು ಬರೆದು ಮುಂದೆ ಹೋದದ್ದು ಅವರ ಗಮನಕ್ಕೆ ಬರಲೇ ಇಲ್ಲ. ಆಮೇಲೆ ಸಂದೇಶಗಳು. ‘ಚಿನ್ನ.’ ‘ರನ್ನ.’ ‘ನೀನೇ ನನ್ನ ನಂಬರ್ ಒನ್.’ ಪದಗಳು ಮುಗಿದಾಗ ಬಾಯಿಗೆ ಬಂದದ್ದು.

ಸಂಜೆ ಮೇಡಂ ಮನೆಗೆ ಬಂದಾಗ ಮುಖದಲ್ಲಿ ಬಣ್ಣವೇ ಇರಲಿಲ್ಲ. ಚಪ್ಪಲಿ ಬಿಟ್ಟು, ಕೈಚೀಲ ಇಟ್ಟು, ಊಟದ ಮೇಜಿನ ಒಂದು ತುದಿಯಲ್ಲಿ ಕುಳಿತರು. ಡಾಕ್ಟರು ಇನ್ನೊಂದು ತುದಿಯಲ್ಲಿ.

“ಪೋಷಕರಿಗೆ ಮಕ್ಕಳ ಅಂಕ ತೋರಿಸೋಕೆ ನನ್ನ ಲ್ಯಾಪ್‌ಟಾಪನ್ನ ದೊಡ್ಡ ಪರದೆಗೆ ಹಾಕಿದ್ದೆ,” ಎಂದರು ಮೇಡಂ. “ಮುಖ್ಯೋಪಾಧ್ಯಾಯಿನಿ ಪಕ್ಕದಲ್ಲೇ ಇದ್ರು. ‘ಗಣಿತದಲ್ಲಿ ಹಿಂದುಳಿದವರು’ ಅನ್ನೋ ಸಾಲಿನ ಮೇಲೆ ನಿಮ್ಮ ಫೋಟೋ ಬಂತು. ‘ಚಿನ್ನ’ ಅಂದ್ರಿ. ‘ರನ್ನ’ ಅಂದ್ರಿ. ಪೋಷಕರು ಮೊದಲು ತಲೆ ತಗ್ಗಿಸಿದ್ರು. ಆಮೇಲೆ ಯಾರೂ ತಗ್ಗಿಸಲಿಲ್ಲ, ಮುಂದೇನು ಬರುತ್ತೆ ಅಂತ ಕಾದು ಕೂತ್ರು. ಇರೋ ಬರೋ ಪದ ಎಲ್ಲ ಬಿಟ್ಟು ಕೊನೇಲಿ ಏನಂದ್ರಿ?”

ಡಾಕ್ಟರು ಒಪ್ಪಿಕೊಂಡರು. “ನನ್ನ ಮುದ್ದು ಗಿಣಿ.”

“ಗಿಣಿ!” ಮೇಡಮ್ಮಿನ ದನಿ ಈಗ ಏರಿತು. “ಅಜ್ಜಿ ಸಾವು ಇನ್ನೂ ಹೆಚ್ಚು ಹೆಚ್ಚು ಬರಲಿ ಅಂತ ಬೇರೆ ಹಾರೈಸಿದ್ದೀರಿ. ನನಗಿದ್ದಿದ್ದು ಇಬ್ಬರೇ ಅಜ್ಜಿಯರು ರೀ!”

ಡಾಕ್ಟರು ಹಾಸಿಗೆ ಅಂಗಡಿಯಲ್ಲಿ ಕಲಿತದ್ದನ್ನೆಲ್ಲ ಒದರಿಬಿಟ್ಟರು. ಯಾರಿಗೂ ಹೇಳಬೇಡಿ ಎಂದದ್ದನ್ನು ಮೊದಲು ಹೇಳಿದರು. ಕೇಳುತ್ತ ಕೇಳುತ್ತ ಮೇಡಮ್ಮಿನ ಹುಬ್ಬು ಕೆಳಗಿಳಿಯಿತು. ಅಕ್ಕ ಅಡುಗೆಮನೆಯಿಂದ ‘ಊಟಕ್ಕೆ ಬನ್ನಿ’ ಎಂದು ಬರೆಯುವ ಸಂಗತಿಗೆ ಮುಖದಲ್ಲಿ ಒಂದು ಕ್ಷಣ ಬೆಳಕೂ ಬಂತು. (ಒಡಹುಟ್ಟಿದವರ ಸುಖ ನೋಡಿ ಬಾರದ ಬೆಳಕು ಅದು.)

“ಈಗ ಎಷ್ಟರಲ್ಲಿದ್ದೀನಿ?”

“ಒಂಬತ್ತು.”

ಮೇಡಂ ಫೋನು ಎತ್ತಿಕೊಂಡರು. “ಬಾಯಿ ಬಿಡಬೇಡಿ. ಬರೀರಿ.”

ಹೀಗೆ ಗಂಡಹೆಂಡತಿ ಒಂದೇ ಮೇಜಿನ ಎರಡು ತುದಿಯಲ್ಲಿ ಕುಳಿತು ಒಬ್ಬರಿಗೊಬ್ಬರು ಬರೆಯತೊಡಗಿದರು. ‘ಊಟ ಆಯಿತೇ?’ ‘ನೀವು ಮಾಡಿದರೆ ಆಗುತ್ತದೆ.’ ‘ನಾಳೆಗೆ ಏನು ಅಡುಗೆ?’ ‘ನನ್ನ ತಲೆ.’ ಎಂಟಕ್ಕೆ ಬಂದರು. ಸಭ್ಯ ಮಾತಿಗೆ ಹರಟೆಮನೆ ಅಷ್ಟಾಗಿ ಬೆಲೆ ಕೊಡಲಿಲ್ಲ. ಜಗಳಕ್ಕೆ ಕೊಟ್ಟಿತು. ‘ಒದ್ದೆ ಟವಲು ಹಾಸಿಗೆ ಮೇಲೆ ಹಾಕುವುದು ಯಾವ ವೈದ್ಯಶಾಸ್ತ್ರ?’ ಎಂದು ಮೇಡಂ ಬರೆದದ್ದೇ ತಡ, ಮಾತಿಗೆ ಮಾತು, ಪುಟಕ್ಕೆ ಪುಟ, ಏಳು, ಆರು. ‘ನಾನು ಬಾಯಿ ತೆರೆದರೆ ನೀನು ಲೆಕ್ಕ ಕೇಳುತ್ತೀಯ’ ಎಂದು ಡಾಕ್ಟರು ಬರೆದಾಗ ಮಹಾರಾಜರು ಹಿಂದೆಲ್ಲೋ ಉಳಿದಿದ್ದರು. ನಲ್ಲಿಯವನೂ ಉರುಳಿದ.

‘ತಲೆನೋವು ಅಂದಾಗ ನೀವು ಕೇಳಿದ್ದು ಹೇಳಲೇ?’ ಎಂದು ಬಂತು ಆ ತುದಿಯಿಂದ. ‘ಪೇಪರಿನಿಂದ ತಲೆಯೆತ್ತದೆ, ನೀರು ಕುಡಿಯಿತೇ, ಅಂದಿರಿ. ಕುಡಿದೆಯಾ ಅನ್ನಲಿಲ್ಲ. ಕುಡಿಯಿತೇ!’

ಡಾಕ್ಟರ ಬೆರಳು ನಿಂತಿತು. ಎದುರಿಗೆ ಕುಳಿತವರ ಕಣ್ಣು ಫೋನಿನ ಮೇಲೇ ಇತ್ತು, ಆದರೆ ಮೂಗಿನ ತುದಿ ಕೆಂಪಾಗಿತ್ತು. ಅವರು ತುಂಬ ಹೊತ್ತು ಯೋಚಿಸಿ, ಒಂದೊಂದೇ ಅಕ್ಷರ ಒತ್ತಿ ಬರೆದರು: ‘ನಿನ್ನ ಅಕ್ಕನ ಮುಂದೆ ನನ್ನನ್ನು ಗೆಲ್ಲಿಸಿ ಗೆಲ್ಲಿಸಿ ನಿನಗೆ ಸುಸ್ತಾಗಿದೆ. ಅದು ನನಗೆ ಗೊತ್ತು. ಗೊತ್ತಿದೆ ಎಂದು ಹೇಳಲು ಬಾರದು.’

ಆ ತುದಿಯಲ್ಲಿ ಸೆರಗು ಮುಖದ ಹತ್ತಿರ ಹೋಗಿ ಬಂತು.

“ಎರಡು,” ಎಂದರು ಮೇಡಂ, ಬಾಯಿಬಿಟ್ಟು, ಸ್ವಲ್ಪ ಒಡೆದ ದನಿಯಲ್ಲಿ. “ಎರಡಕ್ಕೆ ಬಂದೆ.”

ಆಗಲೇ ಒಂದನೆಯ ಸ್ಥಾನದಿಂದ ಸಂದೇಶ ಬಂತು: ‘ಡಾಕ್ಟರೇ, ನಮ್ಮ ಗಿಣಿ ಮುದ್ದು ಬೆಳಗಿನಿಂದ ಏನೂ ತಿಂದಿಲ್ಲ. ನನಗೆ ಕೈಕಾಲು ಆಡುತ್ತಿಲ್ಲ. ಉತ್ತರ ಕೊಡಿ.’ ಡಾಕ್ಟರು ಹೆಂಡತಿಯ ಮುಖ ನೋಡಿದರು. ಬರೆದರೆ ಒಂದನೆಯವರು ಇನ್ನಷ್ಟು ಭದ್ರ. ಬರೆಯದಿದ್ದರೆ ಒಂದು ಜೀವದ ಪ್ರಶ್ನೆ. ಅತ್ತ ದರಿ, ಇತ್ತ ಪುಲಿ.

“ಬರೀಬೇಡಿ,” ಎಂದರು ಮೇಡಂ. “ಫೋನ್ ಮಾಡಿ. ಜೋರಾಗಿ ಹಾಕಿ, ನನಗೂ ಕೇಳಿಸಲಿ.”

ಫೋನು ಎತ್ತಿದ ದನಿ ಎಪ್ಪತ್ತು ದಾಟಿದ್ದು. “ಮಗೂ, ನೀನೇನಪ್ಪಾ? ನಿನ್ನ ಸ್ವರ ಕೇಳಿದ್ದೇ ಇವತ್ತು!” ಎಂದಿತು. ಹಿಂದಿನಿಂದ ಗಿಣಿಯೂ ಅದೇ ನಡುಗುವ ದನಿಯಲ್ಲಿ “ಮಗೂ, ಮಗೂ” ಎಂದು ಕೂಗಿತು. ಫೋಟೋ ಅವರದೇ, ತೆಗೆದದ್ದು ಅವರು ಕೆಲಸಕ್ಕೆ ಸೇರಿದ ವರ್ಷ; ಹೆಗಲ ಮೇಲಿದ್ದದ್ದು ಆಗಿನ ಬೇರೆ ಗಿಣಿ. ಈಗಿನ ಮುಖ ಯಾರಿಗೆ ಬೇಕಪ್ಪ ಎಂದು ಅದನ್ನೇ ಹಾಕಿದ್ದರಂತೆ. ಡಾಕ್ಟರು ಔಷಧಿ ಹೇಳಿ ಮುಗಿಸುವ ಮೊದಲೇ ಮೇಡಂ ಫೋನು ಕಸಿದುಕೊಂಡು, “ಅಜ್ಜಿ, ನೀವು ಊಟ ಮಾಡಿದ್ರಾ?” ಎಂದು ಕೇಳಿ, ಗಿಣಿಯ ಊಟದಿಂದ ಅಜ್ಜಿಯ ಮಂಡಿನೋವಿನವರೆಗೆ ಎಲ್ಲ ವಿಚಾರಿಸಿದರು. ಬಾಯಿಮಾತಿಗೆ ಹರಟೆಮನೆಯಲ್ಲಿ ಲೆಕ್ಕವಿಲ್ಲವಲ್ಲ.

ಮಲಗುವ ಮುನ್ನ ಇನ್ನೊಂದಿಷ್ಟು ಜಗಳ ಬರೆದದ್ದರಿಂದ ಭಾನುವಾರ ಬೆಳಿಗ್ಗೆ ಮೇಡಂ ಒಂದನೆಯ ಸ್ಥಾನದಲ್ಲಿದ್ದರು. ಇಬ್ಬರೂ ಅದನ್ನು ನಿಂತು ನೋಡಿದರು.

“ಇದರದ್ದೊಂದು ಫೋಟೋ ತೆಗೆದಿಟ್ಕೊಳ್ಳೋಣ್ವಾ?” ಎಂದರು ಡಾಕ್ಟರು.

“ಬೇಡ. ಉತ್ತರ ಸರಿ ಇದ್ದೋರು ಸಾಕ್ಷಿ ಇಟ್ಕೊಳ್ಳಲ್ಲ. ಅವರೇ ಬಂದು ಅವರ ಕಣ್ಣಲ್ಲೇ ನೋಡ್ಲಿ.”

ಮಧ್ಯಾಹ್ನ ಬಳಗ ಬಂತು. ಮೊದಲು ಅಕ್ಕ, ಸಾಂತ್ವನ ಹೇಳಲು ಸಿದ್ಧವಾದ ಮುಖದೊಂದಿಗೆ. ಹಿಂದೆ ಷಡ್ಡಕರು, ಡಾಕ್ಟರ ಕಣ್ಣು ತಪ್ಪಿಸಿ. ಕೊನೆಗೆ ಅತ್ತೆಯವರು. ಅತ್ತೆಯವರಿಗೆ ಈಚೆಗೆ ಕಣ್ಣಿನ ಪೊರೆ ತೆಗೆಸಿದ್ದರು. ಕಳೆದುಹೋಗಿದ್ದ ಅಕ್ಷರಗಳೆಲ್ಲ ಮರಳಿ ಸಿಕ್ಕ ಸಂಭ್ರಮದಲ್ಲಿ ಅವರು ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದರು. ಬಾಗಿಲಲ್ಲಿ “ಸ್ವಾಗತ” ಎಂದರು. ಕೈತೊಳೆಯುವಲ್ಲಿ ಸೋಪಿನ ಬಾಟಲಿ ನೋಡಿ “ತಂಪಾದ ಒಣ ಜಾಗದಲ್ಲಿಡಿ” ಎಂದರು.

ಊಟ ಬಡಿಸಿದ್ದಾಯಿತು. ಯಾರೂ ವಿಷಯ ಎತ್ತಲಿಲ್ಲ. ಅಕ್ಕ ತಂಗಿಯ ಕೈಮೇಲೆ ಕೈಯಿಟ್ಟು, “ಸ್ವಲ್ಪ ಬಾಡಿದ್ದೀಯ ಕಣೇ,” ಎಂದು ನಿಟ್ಟುಸಿರಿಟ್ಟರು. ಮೇಡಂ ತಾಳ್ಮೆಯಿಂದ ಬಡಿಸಿದರು. ಡಾಕ್ಟರು ಪರೀಕ್ಷೆ ಬರೆದವನು ಫಲಿತಾಂಶಕ್ಕೆ ಕಾದಂತೆ ಕಾದರು. ಕೊನೆಗೆ ಅಕ್ಕನಿಗೇ ತಡೆಯಲಾಗಲಿಲ್ಲ.

“ಆ ಪಟ್ಟಿ ವಿಷಯ ಮನಸ್ಸಿಗೆ ಹಚ್ಕೋಬೇಡ. ಗಂಡಸರೇ ಹಾಗೆ. ನಮ್ಮನೆಯವರೇನೋ ಬೇರೆ…”

“ಯಾವ ಪಟ್ಟಿ ಅಕ್ಕ?” ಮೇಡಮ್ಮಿನ ದನಿ ಜೇನಾಗಿತ್ತು. “ಓ, ಅದಾ! ನಾನು ನೋಡೇ ಇಲ್ಲ. ಈಗ ಹೇಗಿದೆಯೋ, ನೀನೇ ನೋಡು.”

ಅಕ್ಕ ಫೋನು ತೆರೆದು ಹುಡುಕಿದರು. ಹುಬ್ಬು ಗಂಟಿಕ್ಕಿತು. “ಪಟ್ಟಿನೇ ಕಾಣ್ತಿಲ್ವಲ್ಲ. ಏನೋ ಪ್ರಕಟಣೆ ಇದೆ.”

“ಕೊಡಿಲ್ಲಿ,” ಎಂದರು ಅತ್ತೆಯವರು. ಓದುವಂಥದ್ದು ಇದೆ ಎಂದರೆ ಅದು ಅವರ ಪಾಲು. ಫೋನನ್ನು ಮಾರುದ್ದ ಹಿಡಿದು ಗಟ್ಟಿಯಾಗಿ ಆರಂಭಿಸಿದರು. “‘ಮಾನ್ಯ ಬಳಕೆದಾರರೇ, ನಿಮ್ಮ ಅಭಿಪ್ರಾಯಕ್ಕೆ ತಲೆಬಾಗಿ ‘ನಿಮ್ಮ ಆಪ್ತರು’ ಸೌಲಭ್ಯವನ್ನು ಇಂದು ಮಧ್ಯಾಹ್ನದಿಂದ ಹಿಂತೆಗೆದುಕೊಂಡಿದ್ದೇವೆ.’”

ಮೇಡಮ್ಮಿನ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. ಒಂದು ವಾರದ ಜಗಳವನ್ನು ಒಂದೇ ಸಂಜೆ ಆಡಿ ಗೆದ್ದ ಪಟ್ಟ, ನೋಡುವವರು ಬಂದು ಕುಳಿತ ಹೊತ್ತಿಗೆ, ಕರಗಿಹೋಗಿತ್ತು.

“ಇನ್ನೂ ಇದೆ,” ಎಂದರು ಅತ್ತೆಯವರು. “‘ಬಂದ ಸಾವಿರಾರು ಅಭಿಪ್ರಾಯಗಳಲ್ಲಿ ನಮ್ಮ ಕಣ್ಣು ತೆರೆಸಿದ್ದು ಒಂದು. ಆ ಮಹನೀಯರಿಗೆ ಕೃತಜ್ಞತೆ ಸೂಚಿಸಿ, ಎಲ್ಲರ ಓದಿಗಾಗಿ ಅದನ್ನು ಇಲ್ಲಿ ಪೂರ್ಣವಾಗಿ ಕೊಡುತ್ತಿದ್ದೇವೆ.’ ಅಯ್ಯೋ, ಅಳಿಯಂದಿರ ಫೋಟೋ! ನಮ್ಮ ಅಳಿಯಂದಿರು ಕಣ್ರೇ!”

“ಅತ್ತೆ, ಕಣ್ಣಿಗೆ ಆಯಾಸ ಆಗುತ್ತೆ, ಇತ್ತ ಕೊಡಿ,” ಎಂದು ಡಾಕ್ಟರು ಮೇಜಿನ ಮೇಲೆ ಬಾಗಿದರು. ಸೌಟು ಅವರ ಕೈಗೂ ಫೋನಿಗೂ ನಡುವೆ ಇಳಿದು ಬಂತು.

“ಓದ್ಲಿ ಬಿಡಿ,” ಎಂದರು ಮೇಡಂ.

ಅತ್ತೆಯವರು ಓದಿದರು. ಒಂದಕ್ಷರ ಬಿಡದೆ, ಅಲ್ಪಪ್ರಾಣ ಮಹಾಪ್ರಾಣ ಕೆಡದಂತೆ ಓದಿದರು. “‘ಬೋನಿನಲ್ಲಿರುವ ಪ್ರಾಣಿಯ ಕಣ್ಣಲ್ಲಿ ಏನಿರುತ್ತದೆ ಎಂದು ಬಲ್ಲೆ. ಸಂಸಾರಿಯಾದ ಗಂಡಸಿಗೆ ಮನೆಯಲ್ಲಿ ಬಾಯಿ ತೆರೆಯಲು ಅವಕಾಶ ಇರುವುದು ಹಲ್ಲುಜ್ಜುವಾಗ ಮಾತ್ರ. ಅಂಥವನು ಹೊರಗೆ ಒಂದು ಗಿಣಿಯ ಜೊತೆ, ಒಂದು ಬೆಕ್ಕಿನ ಜೊತೆ ನಾಲ್ಕು ಮಾತಾಡಿ ಉಸಿರು ಬಿಟ್ಟುಕೊಂಡರೆ ಅದಕ್ಕೂ ನಂಬರು ಹಾಕುತ್ತೀರಾ? ಹೆಂಡತಿ ಏಳನೆಯವಳಾದರೆ ಆಕಾಶ ಕಳಚಿ ಬೀಳುತ್ತದೆಯೇ? ಬೆಕ್ಕು ಕನಿಷ್ಠಪಕ್ಷ ಎದುರುತ್ತರ ಕೊಡುವುದಿಲ್ಲ.’”

ಷಡ್ಡಕರು ತಟ್ಟೆಯೊಳಗೆ ತಲೆಯಿಟ್ಟಿದ್ದರು. ಅವರ ಭುಜ ಅಲುಗುತ್ತಿತ್ತು. ಅಕ್ಕನ ಮುಖದಲ್ಲಿ ಸಾಂತ್ವನ ಪೂರ್ಣಚಂದ್ರನಂತೆ ಮೂಡಿತ್ತು.

“ಅಷ್ಟೇನಾ ಅಮ್ಮ?” ಎಂದು ಕೇಳಿದರು ಮೇಡಂ.

“ಇಲ್ಲಮ್ಮ. ‘ಇನ್ನು ನನ್ನ ಅತ್ತೆಮನೆಯವರ ವಿಷಯ’ ಅಂತ ಶುರುವಾಗಿ ನಿಂತುಬಿಟ್ಟಿದೆ.” ಅತ್ತೆಯವರು ಹೊಸ ಕಣ್ಣು ಕಿರಿದು ಮಾಡಿ ನೋಡಿದರು. “ಕೆಳಗೆ ನೀಲಿ ಅಕ್ಷರದಲ್ಲಿ ‘ಮುಂದೆ ಓದಿ’ ಅಂತಿದೆ. ಒತ್ತಲಾ?”

ಡಾಕ್ಟರಿಗೆ, ನಾಯಿಯನ್ನೂ ಕಡ್ಡಿಯನ್ನೂ ಮರೆತು ತಾವು ಆ ಭಾಗದಲ್ಲಿ ಏನೇನು ಬರೆದಿದ್ದೆವೆಂಬುದು ಆಗ ಒಂದೊಂದೇ ಸಾಲಾಗಿ ನೆನಪಾಗತೊಡಗಿತು.

ಮೇಡಂ ಸೌಟನ್ನು ಕೆಳಗಿಟ್ಟರು. ಕುರ್ಚಿ ಎಳೆದುಕೊಂಡು ತಾಯಿಯ ಪಕ್ಕದಲ್ಲಿ ನೆಮ್ಮದಿಯಾಗಿ ಕುಳಿತರು.

“ಒತ್ತಮ್ಮ,” ಎಂದರು.